ಷಡ್ಡಕನ ಡ್ರಿಲ್ಲು, ನನ್ನ ವಾಯರು

ನನಗೆ ಒಬ್ಬ ಮನುಷ್ಯನ ಡ್ರಿಲ್ ಮಶೀನಿನ ಮೇಲೆ ಹೊಟ್ಟೆಕಿಚ್ಚಿದೆ. ಹೀಗೆ ಬರೆದು ಓದಿಕೊಂಡಾಗ ನನಗೇ ಸಣ್ಣತನವೆನಿಸುತ್ತದೆ. ಹೊಟ್ಟೆಕಿಚ್ಚಿಗೂ ಒಂದು ಘನತೆ ಬೇಕು. ಪರರ ರಾಜ್ಯ, ಪರರ ಕೀರ್ತಿ, ಹೋಗಲಿ, ಪರರ ತಲೆಗೂದಲಿನ ಮೇಲಾದರೂ ಕರುಬಿದವನಿಗೆ ಕರುಬಿದವರ ಸಾಲಿನಲ್ಲಿ ಒಂದು ಜಾಗ ಸಿಕ್ಕೀತು. ಗೋಡೆಗೆ ತೂತು ಕೊರೆಯುವ, ಕೆಂಪು ಬಣ್ಣದ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮಲಗುವ ಯಂತ್ರದ ಮೇಲೆ ಕರುಬಿದವನನ್ನು ಎಲ್ಲಿ ನಿಲ್ಲಿಸುವುದು? ಆದರೂ ಇರುವುದನ್ನು ಇದೆ ಎನ್ನಬೇಕಲ್ಲ.

ಆ ಮಶೀನಿನ ಒಡೆಯ ರೇವಣಪ್ಪ, ನನ್ನ ಹೆಂಡತಿ ಕಸ್ತೂರಿಯ ತಂಗಿಯ ಗಂಡ. ಅಂದರೆ ನನಗೆ ಷಡ್ಡಕ. ನನ್ನದು ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ, ಅವನದು ಬಸವಕಲ್ಯಾಣದಲ್ಲಿ ತೊಗರಿ, ಕಡಲೆಯ ಅಡತಿ ಅಂಗಡಿ. ಷಡ್ಡಕ ಎಂಬ ಸಂಬಂಧವನ್ನು ಹಿರಿಯರು ಯಾವ ಉದ್ದೇಶಕ್ಕೆ ನಿರ್ಮಿಸಿದರೆಂದು ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಹಳ ಯೋಚಿಸಿದ್ದೇನೆ. ಅಣ್ಣತಮ್ಮಂದಿರಿಗೆ ಜಗಳಾಡಲು ಹೊಲವಿದೆ. ಭಾವ ಮೈದುನರಿಗೆ ಚೇಷ್ಟೆ ಮಾಡಲು ಪರವಾನಗಿ ಇದೆ. ಷಡ್ಡಕರಿಗೆ ರಕ್ತದ ನಂಟೂ ಇಲ್ಲ, ಹಂಚಿಕೊಳ್ಳುವ ಆಸ್ತಿಯೂ ಇಲ್ಲ. ಎಲ್ಲಿಯೋ ಹುಟ್ಟಿದ ಇಬ್ಬರನ್ನು ತಂದು ಒಂದೇ ಗೋಡೆಗೆ ಒರಗಿಸಿ ಕೂರಿಸಿ, ಅತ್ತೆಯಾದವಳು ಇಬ್ಬರ ತಾಟಿಗೂ ತುಪ್ಪ ಬಡಿಸುತ್ತಾಳೆ. ಆಗ ಇಬ್ಬರಲ್ಲಿ ಒಬ್ಬನೂ ತನ್ನ ತಾಟು ನೋಡುವುದಿಲ್ಲ. ಈ ಒಂದು ನೋಟಕ್ಕಾಗಿಯೇ ಈ ಸಂಬಂಧ ಹುಟ್ಟಿದ್ದೆಂದು ನನ್ನ ತೀರ್ಮಾನ. ಅರಿಷಡ್ವರ್ಗದಲ್ಲಿ ಮತ್ಸರವನ್ನು ಕಟ್ಟಕಡೆಗೆ ಕೂರಿಸಿದವರಿಗೆ ಬಹುಶಃ ಹೆಂಡತಿಯ ತಂಗಿ ಇರಲಿಲ್ಲ.

ತುಪ್ಪದ ಮಟ್ಟಿಗೆ ನಾವಿಬ್ಬರೂ ಸಮಸಮ ಇದ್ದೆವು. ರೇವಣಪ್ಪ ಡ್ರಿಲ್ ಕೊಂಡ ಮೇಲೆ ತಕ್ಕಡಿ ಒಂದೇ ಕಡೆ ಜಗ್ಗಿತು. ಅಡತಿ ಅಂಗಡಿಯವನಿಗೆ ಡ್ರಿಲ್ ಏಕೆ ಎಂದು ಯಾರೂ ಕೇಳಲಿಲ್ಲ. ಅವನು ಚಿಟಗುಪ್ಪದ ಬೀಗರ ಮನೆಗೆ ಹೋದರೆ ಅಲ್ಲಿ ಪರದೆಯ ಕೋಲಿಗೆ ತೂತು, ಕೊಡಂಬಲದ ಸೋದರಮಾವನ ಮನೆಗೆ ಹೋದರೆ ಅಲ್ಲಿ ಕನ್ನಡಿಗೆ ತೂತು. ನೆಂಟರಿಷ್ಟರು ಹಣ್ಣು ಹಂಪಲು ಒಯ್ಯುವಲ್ಲಿ ಇವನು ಕೆಂಪು ಪೆಟ್ಟಿಗೆ ಒಯ್ಯುತ್ತಾನೆ. "ಕಲ್ಯಾಣದ ಕ್ವಾಟಿ ಗ್ವಾಡಿಗಿ ಹಚ್ಚಿದ್ರೂ ಬೆಣ್ಣ್ಯಾಗ ಹೊಕ್ಕಂಗ ಹೋಗ್ತದ್ರಿ" ಎನ್ನುತ್ತಾನೆ. ಕೋಟೆಯ ಪುಣ್ಯ, ಇನ್ನೂ ಹಚ್ಚಿ ನೋಡಿಲ್ಲ.

ನನ್ನ ಮನೆಯನ್ನೂ ಅವನು ಬಿಡಲಿಲ್ಲ. ದೇವರ ಫೋಟೋ ತೂಗುಹಾಕಲು ನಾನು ಮೊಳೆ ಹೊಡೆಯುತ್ತಿದ್ದೆ. ಮೊಳೆ ಬಾಗಿತು, ಗೋಡೆಯ ಗಿಲಾವು ಉದುರಿತು. ನಾನು ಮೂರನೆಯ ಮೊಳೆಯನ್ನು ಬಾಯಲ್ಲಿ ಹಿಡಿದಿದ್ದಾಗ ಅವನು ಕೆಂಪು ಪೆಟ್ಟಿಗೆಯೊಂದಿಗೆ ಒಳಗೆ ಬಂದ. ಚಹಾ ಕುದಿಯುವಷ್ಟರಲ್ಲಿ ತೂತು ಬಿತ್ತು. ಅಂದಿನಿಂದ ನಾನು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೈಮುಗಿದರೆ ಅರ್ಧ ನಮಸ್ಕಾರ ದೇವರಿಗೆ, ಅರ್ಧ ರೇವಣಪ್ಪನ ತೂತಿಗೆ. ಮನೆಗೆ ಬಂದವರಿಗೆಲ್ಲ ಕಸ್ತೂರಿ, "ಇದು ನಮ್ಮ ರೇವಣಪ್ಪೋರು ಹಾಕಿದ್ದರಿ" ಎಂದು ಗೋಡೆ ತೋರಿಸುತ್ತಾಳೆ. ಆ ಗೋಡೆಯನ್ನು ಕಟ್ಟಿಸಿದವನು ಯಾರೆಂದು ತಿಳಿಯುವ ಕುತೂಹಲ ಇದುವರೆಗೆ ಒಬ್ಬರಿಗೂ ಹುಟ್ಟಿಲ್ಲ.

ಇದನ್ನೂ ನುಂಗಿಕೊಂಡಿದ್ದೆ. ಆದರೆ ಹೋದ ಬೇಸಿಗೆಯ ಗಾಳಿಗೆ ದುಬಲಗುಂಡಿಯಲ್ಲಿ ನಮ್ಮ ಅತ್ತೆಯ ಮನೆಯ ಮುಂದಿನ ಬೇವಿನ ಮರ ಬಿತ್ತು.

ನಮ್ಮ ಕಡೆ ನಾಗರಪಂಚಮಿಗೆ ಜೋಕಾಲಿ ಇಲ್ಲದಿದ್ದರೆ ಹಬ್ಬವೇ ಅಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು, ಜೋಳದ ಅಳ್ಳು, ಶೇಂಗಾದ ಉಂಡಿ ತಿಂದು, ಜೀಕಿ ಹೋಗಬೇಕು. ಅತ್ತೆಯ ಮನೆಯ ಜೋಕಾಲಿಗೆ ಒಂದು ಕಟ್ಟಳೆಯುಂಟು: ಕಟ್ಟಿದವನೇ ಮೊದಲು ಕೂರಬೇಕು. ಅತ್ತೆ ಅದಕ್ಕೆ ಕೊಡುವ ಕಾರಣ ಬಹಳ ನೇರ. "ಬಿದ್ರ ಕಟ್ಟಿದಾವ ಬೀಳಲಿ, ಹೆಣ್ಮಕ್ಕಳ್ಯಾಕ ಬೀಳಬೇಕು?" ಆದರೆ ಕಾರಣ ಏನೇ ಇರಲಿ, ಮೊದಲು ಕೂತವನಿಗೆ ಅತ್ತೆ ತನ್ನ ಕೈಯಾರೆ ಮೊದಲ ಉಂಡಿ ಕೊಡುತ್ತಾಳೆ, ಓಣಿಯ ಹೆಂಗಸರೆಲ್ಲ ನೋಡುತ್ತಾರೆ. ಮಾವನವರು ಇದ್ದಾಗ ಅವರು ಕೂರುತ್ತಿದ್ದರು. ಅವರ ನಂತರ ನನ್ನ ಭಾವಮೈದ ಸಂಗಪ್ಪ ಮರ ಹತ್ತಿ ಕಟ್ಟಿ ಕೂರುತ್ತಿದ್ದ. ಈಗ ಮರವಿಲ್ಲ. ಜೋಕಾಲಿ ಹೊಸದಾಗಿ ಕಟ್ಟಿಸಿದ ಪಡಸಾಲೆಯ ಸಿಮೆಂಟು ತೊಲೆಗೆ ಬರಬೇಕು. ತೊಲೆಗೆ ತೂತು ಕೊರೆದು ಕೊಂಡಿ ಬಿಗಿಯಬೇಕು. ಸಂಗಪ್ಪ ಎಂಥ ಹಾಯುವ ಎತ್ತಿಗೂ ಹೆದರುವವನಲ್ಲ, ಕರೆಂಟೆಂದರೆ ಮಾತ್ರ ನಾಲ್ಕು ಹೆಜ್ಜೆ ಹಿಂದೆ. "ಎತ್ತು ಹಾಯ್ತದಂತ ಮೊದ್ಲೇ ಗೊತ್ತಾಗ್ತದ, ಮಾಮಾ. ಇದು ಮಾರಿ ತೋರ್ಸೋದಿಲ್ಲ" ಎಂದ.

ಹೀಗೆ ಮೊದಲು ಕೂರುವ ಹಕ್ಕು ಅಳಿಯಂದಿರ ಪಾಲಿಗೆ ಬಂತು. ದೊಡ್ಡಳಿಯ ನಾನು. ಡ್ರಿಲ್ ಸಣ್ಣಳಿಯನದು. ನನ್ನ ಸಂಕಟ ನಿಮಗೆ ಅರ್ಥವಾಗಿರಬೇಕು.

ನಾನೂ ಒಂದು ಡ್ರಿಲ್ ಕೊಳ್ಳುವ ಮಾತೆತ್ತಿದಾಗ ಕಸ್ತೂರಿ, "ಮೊಳಿ ಹೊಡಿಲಿಕ್ಕಿ ಬರಲಾರದೋರಿಗಿ ಡ್ರಿಲ್ ಯಾಕ್ರಿ?" ಎಂದಳು. ಇಂಥ ಪ್ರಶ್ನೆಗೆ ಗಂಡಸರು ಪೇಪರ್ ಓದುವುದು ರೂಢಿ. ಪೇಪರಿನ ಹಿಂದೆ ಕೂತಿದ್ದಾಗಲೇ ನನಗೆ ಶತ್ರುವಿನ ಕೋಟೆಯ ಬಿರುಕು ಹೊಳೆಯಿತು. ನಮ್ಮ ಮನೆಯಲ್ಲಿ ತೂತು ಹಾಕಿದ ದಿನ ರೇವಣಪ್ಪ ಒಂದು ಗುಂಡಗಿನ ಗಾಲಿಗೆ ಸುತ್ತಿದ್ದ ಎಕ್ಸ್‌ಟೆನ್ಶನ್ ವಾಯರ್ ತಂದಿದ್ದ. ಕಿತ್ತಳೆ ಬಣ್ಣ, ನೋಡಲು ಮದುಮಗನಂತಿತ್ತು. ಆದರೆ ಮಶೀನು ಸ್ವಲ್ಪ ಹೊತ್ತಿಗೆ ನರಳಿತ್ತು, ಆ ಗಾಲಿ ಮುಟ್ಟಿದರೆ ಆಗಷ್ಟೇ ಹಂಚಿನಿಂದಿಳಿದ ರೊಟ್ಟಿಯಷ್ಟು ಬಿಸಿಯಿತ್ತು. ದುಬಲಗುಂಡಿಯ ಹೊಸ ಪಡಸಾಲೆಗೆ ಇನ್ನೂ ಕರೆಂಟಿನ ಸಂಪರ್ಕವಿಲ್ಲ. ಹಳೆಯ ಮನೆಯ ಒಳಕೋಣೆಯಿಂದ ಅಂಗಳ ದಾಟಿ ವಾಯರ್ ಎಳೆಯಬೇಕು. ಸರಿಯಾದ ವಾಯರ್ ಇಲ್ಲದೆ ಎಂಥ ಡ್ರಿಲ್ಲಾದರೂ ಕೆಂಪು ಬಣ್ಣದ ಒಂದು ಭಾರವಷ್ಟೆ. ಆ ವಾಯರ್ ನನ್ನದಾಗಬೇಕು!

ಮುಂದಿನ ಸಲ ದುಬಲಗುಂಡಿಗೆ ಹೋದಾಗ ಅಂಗಡಿಯ ಟೇಪು ಜೇಬಿನಲ್ಲಿಟ್ಟುಕೊಂಡು ಹೋದೆ. ಒಳಕೋಣೆಯ ಸಾಕೆಟ್ಟಿನಿಂದ ಹೊಸ್ತಿಲು, ಹೊಸ್ತಿಲಿನಿಂದ ಕಟ್ಟೆ, ಕಟ್ಟೆಯ ಸುತ್ತ ಬಳಸಿ ಪಡಸಾಲೆ, ಅಲ್ಲಿಂದ ನಿಚ್ಚಣಿಕೆಯ ತುದಿಯವರೆಗೆ ಬಗ್ಗಿ ಬಗ್ಗಿ ಅಳೆಯುತ್ತಿದ್ದೆ. ತಲೆಯೆತ್ತಿದರೆ ಕಸ್ತೂರಿ.

"ಅಂಗಳಕ್ಕ ಅಂಗಿ ಹೊಲಿಸಾಕತ್ತೀರೇನು?"

ಹುಮನಾಬಾದಿಗೆ ಮರಳಿ, ಬಸ್‌ಸ್ಟ್ಯಾಂಡಿನ ಹಿಂದೆ ಕರೆಂಟಿನ ಸಾಮಾನು ಮಾರುವ ಮಹಬೂಬನ ಅಂಗಡಿ ಹೊಕ್ಕೆ. ಮಹಬೂಬ ಮಾತಿಗೆ ಮೊದಲು ಮಾಲು ತೋರಿಸುವ ಮನುಷ್ಯ. ನನ್ನಂತೆಯೇ.

"ಮಶೀನ್ ಎಷ್ಟ ವ್ಯಾಟಿಂದ್ರಿ, ಸಾವಕಾರ್ರ?"

"ಮಶೀನ್ ನಂದಲ್ಲಪ್ಪ."

"ಮತ್ತ ಯಾರ್ದು?"

"ನಮ್ಮ ಷಡ್ಡಕಂದು."

ಅವನು ಕೈಯಲ್ಲಿದ್ದ ವಾಯರ್ ಕೆಳಗಿಟ್ಟ. "ಕುದುರಿ ಮಂದೀದು, ಜೀನ ನಿಮ್ದು! ಇರ್ಲಿ, ಕುದುರಿ ಎಷ್ಟ ದೊಡ್ಡದಂತರೆ ಕೇಳಿ ಬರ್ರಿ. ಅದು ಗೊತ್ತಿಲ್ದ ನಾ ಏನ್ ಕೊಡ್ಲಿ?"

ವಾಯರಿನ ಶಾಸ್ತ್ರದ ಮೊದಲ ಸೂತ್ರವೇ ನನ್ನ ಪಾಲಿಗೆ ಕಹಿಯಾಯಿತು. ಸರಿಯಾದ ವಾಯರ್ ಆರಿಸಬೇಕಾದರೆ ಮಶೀನು ಎಷ್ಟು ಕರೆಂಟು ಎಳೆಯುತ್ತದೆಂದು ತಿಳಿದಿರಬೇಕು. ಅಂದರೆ ರೇವಣಪ್ಪನನ್ನು ಕೇಳಬೇಕು. ನಾನು ಕೇಳುವ ಪೈಕಿಯಲ್ಲ. ಕಸ್ತೂರಿಯಿಂದ ಅವಳ ತಂಗಿ ಶಕುಂತಲೆಗೆ ಫೋನು ಮಾಡಿಸಿ, ಪಕ್ಕದಲ್ಲಿ ಕಿವಿಗೊಟ್ಟು ಕೂತೆ. "ಶಕ್ಕೂ, ನಿಮ್ಮನಿಯೋರ ಮಶೀನ್ ಮ್ಯಾಗ ಏನ್ ಬರ್ದಾರ ನೋಡವ್ವಾ." ಆಚೆಯಿಂದ ರೇವಣಪ್ಪನ ದನಿ ಬಂತು: "ಯಾಕಂತ ಕೇಳು! ಅಣ್ಣಾರೂ ಮಶೀನ್ ತಗೊಳಾಕತ್ತಾರೇನು?" ಅಂಕಿಯೇನೋ ಸಿಕ್ಕಿತು, ಅದಕ್ಕಿಂತ ಮಿಗಿಲಾಗಿ ಆ ದನಿಯಲ್ಲಿ ಒಂದು ಎಳೆ ಅಂಜಿಕೆಯಿತ್ತು. ಆ ರಾತ್ರಿ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ಆಮೇಲೆ ನಾನು ವಾಯರಿನ ಅಧ್ಯಯನಕ್ಕೆ ಬಿದ್ದೆ. ಮಹಬೂಬನನ್ನು ಪೀಡಿಸಿದೆ, ಡಬ್ಬಿಗಳ ಮೇಲಿನ ಸಣ್ಣಕ್ಷರ ಓದಿದೆ. ಬಟ್ಟೆಯವನಾಗಿ ನನಗೆ ಅಳತೆಯ ಬಗ್ಗೆ ಒಂದು ನಂಬಿಕೆಯಿತ್ತು: ಒಂದು ಗೇಣು ಹೆಚ್ಚು ಹರಿದುಕೊಟ್ಟರೆ ಗಿರಾಕಿಗೆ ತೃಪ್ತಿ, ಹೊಲಿಯುವವನಿಗೆ ಅನುಕೂಲ. ವಾಯರಿನಲ್ಲಿ ಈ ಧಾರಾಳತನ ನಡೆಯುವುದಿಲ್ಲ. ಕರೆಂಟು ನಮ್ಮಂತೆಯೇ, ಇಕ್ಕಟ್ಟಾದ ದಾರಿಯಲ್ಲಿ ದೂರ ನಡೆಸಿದರೆ ದಣಿದು ತಲುಪುತ್ತದೆ. ದಣಿದ ಕರೆಂಟು ಕುಡಿದ ಮಶೀನು ನರಳುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟೇ ಹೋಗುತ್ತದೆ. ಆದ್ದರಿಂದ ಎಷ್ಟು ಬೇಕೋ ಅಷ್ಟೇ ಉದ್ದ. ಉದ್ದ ಹೆಚ್ಚಾಗಲೇಬೇಕೆಂದಿದ್ದರೆ ಒಳಗಿನ ತಾಮ್ರವೂ ದಪ್ಪವಾಗಬೇಕು.

ಒಳಗಿನ ತಾಮ್ರ ಎಂದೆ. ಮೇಲಿನ ರಬ್ಬರು ನೋಡಿ ಮೋಸಹೋಗುವವರು ಗಂಜಿ ಹಾಕಿದ ಬಟ್ಟೆ ಕೊಂಡವರ ಜಾತಿ. ಅಂಗಡಿಯಲ್ಲಿ ಖಡಕ್ಕಾಗಿ ನಿಂತಿರುತ್ತದೆ, ಒಂದು ಒಗೆತಕ್ಕೆ ನೆಲ ಒರೆಸುವ ಅರಿವೆಯಾಗುತ್ತದೆ. ನಾನು ವಾಯರನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದಾಗ ಮಹಬೂಬ, "ಸಾವಕಾರ್ರ, ಅದು ಪಾಪ್ಲೀನ್ ಅಲ್ರಿ. ಬರ್ದದ್ದು ಓದ್ರಿ" ಎಂದ. ಓದಿದೆ. ತಾಮ್ರದ ದಪ್ಪ ಚದರ ಮಿಲಿಮೀಟರಿನಲ್ಲಿ ಬರೆದಿತ್ತು, ಎಷ್ಟು ಆಂಪಿಯರ್ ತಾಳುತ್ತದೆಂದೂ ಬರೆದಿತ್ತು. ಮಶೀನು ಕೇಳುವುದಕ್ಕಿಂತ ವಾಯರಿನ ತಾಳ್ಮೆ ಹೆಚ್ಚಿರಬೇಕು. ಸಂಸಾರದಲ್ಲೂ ಇದೇ ಲೆಕ್ಕ, ಆದರೆ ಅಲ್ಲಿ ಯಾರ ಮೇಲೂ ಬರೆದಿರುವುದಿಲ್ಲ.

ಮೂರು ಪಿನ್ನಿನದೇ ಬೇಕೆಂದು ಪಟ್ಟು ಹಿಡಿದೆ. ಮೂರನೆಯದು ಅರ್ತಿಂಗು. ಅದು ವರ್ಷವಿಡೀ ಏನೂ ಮಾಡುವುದಿಲ್ಲ, ಮನೆಯ ಹಿರಿಯರ ಹಾಗೆ ಸುಮ್ಮನಿರುತ್ತದೆ. ಅನಾಹುತ ಬಂದ ದಿನ ಮಾತ್ರ ಅದನ್ನು ತನ್ನ ಮೈಮೇಲೆ ಎಳೆದುಕೊಂಡು ನೆಲಕ್ಕಿಳಿಸುತ್ತದೆ. ಎರಡು ಗಿಡ್ಡ ವಾಯರುಗಳನ್ನು ಒಂದರ ಬಾಲಕ್ಕೆ ಒಂದು ಜೋಡಿಸಿದರೆ ಅಗ್ಗವಾಗದೇ ಎಂದದ್ದಕ್ಕೆ, ಜೋಡಿಸಿದಲ್ಲೇ ಬಿಸಿ ಹುಟ್ಟುತ್ತದೆಂದು ಉತ್ತರ ಬಂತು. ಕೊನೆಯದಾಗಿ ಮಹಬೂಬ ಒಂದು ಮಾತು ಸೇರಿಸಿದ: "ಕೆಲಸದಾಗ ಪೂರಾ ಬಿಚ್ಚಿ ಹಾಸ್ರಿ. ಸುತ್ತಿಟ್ಟ ವಾಯರ್ ಒಳಗೊಳಗೇ ಕಾಯ್ತದ."

ಅಂತೂ ಕೊಂಡೆ. ಕಪ್ಪು, ದಪ್ಪ, ಗಿಡ್ಡ. ಚಂದವೆನ್ನುವುದು ಹತ್ತಿರವೂ ಸುಳಿದಿರಲಿಲ್ಲ. ಕಸ್ತೂರಿ ನೋಡಿ, "ಎಮ್ಮಿ ಕಟ್ಟೋ ಹಗ್ಗ ಇದ್ದಂಗದ" ಎಂದಳು.

ಪಂಚಮಿಯ ಹಿಂದಿನ ದಿನ ದುಬಲಗುಂಡಿಯಲ್ಲಿ ಎಲ್ಲರೂ ಸೇರಿದೆವು. ರೇವಣಪ್ಪ ಕೆಂಪು ಪೆಟ್ಟಿಗೆ ತೆರೆದ ಕೂಡಲೇ ಓಣಿಯ ಅರ್ಧ ಮಂದಿ ಅಂಗಳದಲ್ಲಿದ್ದರು. ನಾನು ವಾಯರನ್ನು ಹೆಗಲಿಗೆ ಹಾಕಿಕೊಂಡು ಅವರ ನಡುವೆ ಬೇಕೆಂದೇ ಎರಡು ಸಲ ಹಾದುಹೋದೆ. ಒಬ್ಬ ಮುದುಕಿ, "ಎಮ್ಮಿ ತಪ್ಪಿಸ್ಕೊಂಡದೇನ್ರಿ?" ಎಂದು ಕೇಳಿದಳು.

ರೇವಣಪ್ಪ ತನ್ನ ಕಿತ್ತಳೆ ಗಾಲಿಯಿಂದ ಬೇಕಾದಷ್ಟೇ ವಾಯರ್ ಎಳೆದು, ಉಳಿದದ್ದನ್ನು ಗಾಲಿಯಲ್ಲೇ ಬಿಟ್ಟು, ನಿಚ್ಚಣಿಕೆ ಹತ್ತಿದ. ಊರಿನ ಹಿಟ್ಟಿನ ಗಿರಣಿ ಪಕ್ಕದ ಓಣಿಯಲ್ಲೇ ಇದೆ. ಹಬ್ಬದ ಹಿಟ್ಟಿಗಾಗಿ ಅದು ಬಿಡುವಿಲ್ಲದೆ ಓಡುತ್ತಿತ್ತು, ಕರೆಂಟಿಗೆ ಮೊದಲೇ ಶಕ್ತಿಯಿರಲಿಲ್ಲ. ಇರುವಷ್ಟೂ ಆ ಸಪೂರ ವಾಯರಿನಲ್ಲಿ ದಣಿಯಿತು. ಮಶೀನು ತೊಲೆಗೆ ತಾಗಿ ಗೊರಗೊರ ಎಂದಿತೇ ಹೊರತು ಒಳಗೆ ಹೋಗಲಿಲ್ಲ. ಬೆಣ್ಣೆಯಲ್ಲಿ ಹೊಕ್ಕ ಹಾಗೆ ಹೋಗುವ ಕೋಟೆ ಬೇರೆ ಇರಬೇಕು. ಸ್ವಲ್ಪ ಹೊತ್ತಿಗೆ ಗಾಲಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ನಾನು ಆ ವಾಸನೆಯನ್ನು ಊದುಬತ್ತಿಯಂತೆ ಎಳೆದುಕೊಂಡೆ.

ಅತ್ತೆ ಕಟ್ಟೆಯ ಮೇಲಿಂದ ಹೇಳಿದಳು: "ದೊಡ್ಡಳಿಯಾರು ತಂದ ಆ ಹಗ್ಗ ಹಚ್ಚಿ ನೋಡ್ರಿ."

ನನ್ನ ವಾಯರ್ ಅಂಗಳದುದ್ದಕ್ಕೂ ಬಿಚ್ಚಿ ಮಲಗಿತು. ಅಳತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ನಿಚ್ಚಣಿಕೆಯ ತುದಿಗೆ ಹೋಗಿ ಒಂದು ಮೊಳ ಮಾತ್ರ ಉಳಿಯಿತು. ಮಶೀನು ಗರ್ಜಿಸಿತು. ಸಿಮೆಂಟಿನ ಪುಡಿ ಸುರಿಯಿತು. ಅಂಗಳದ ಮಂದಿಯೆಲ್ಲ "ಭಲೇ ರೇವಣಪ್ಪಾ!" ಎಂದು ಮೇಲೆ ನೋಡಿದರು.

ಮೇಲೆ ನೋಡಿದರು. ಕೆಳಗೆ ನನ್ನ ವಾಯರನ್ನು ದಾಟಿಕೊಂಡು ಓಡಾಡಿದರು. ನಾನಂತೂ ಅಲ್ಲಿರಲೇ ಇಲ್ಲ. ಒಳಕೋಣೆಯ ಹಳೆಯ ಸಾಕೆಟ್ಟು ಸಡಿಲವಾಗಿದ್ದರಿಂದ ಪ್ಲಗ್ಗನ್ನು ಒತ್ತಿ ಹಿಡಿದುಕೊಂಡು ಜೋಳದ ಚೀಲದ ಮೇಲೆ ಕೂತಿದ್ದೆ. ನನಗೆ ಗೆಲುವು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಆಗ ಒಂದು ಯೋಚನೆ ಮೆಲ್ಲಗೆ ಬಂದು ಪಕ್ಕದ ಚೀಲದ ಮೇಲೆ ಕೂತಿತು. ಈ ಗರ್ಜನೆಯೆಲ್ಲ ನನ್ನ ಹೆಬ್ಬೆರಳಿನಲ್ಲಿದೆ. ಬೆರಳು ಒಂದು ಕೂದಲೆಳೆ ಸಡಿಲಿಸಿದರೆ ಸಾಕು, ನಿಚ್ಚಣಿಕೆಯ ಮೇಲಿನ ವೀರ ಮೂಕ ಕೆಂಪು ಡಬ್ಬಿ ಹಿಡಿದು ನಿಲ್ಲುತ್ತಾನೆ. ಆಗಲಾದರೂ ಜನ ಕೇಳುತ್ತಾರೆ, ಇಷ್ಟು ಹೊತ್ತು ಇದನ್ನು ನಡೆಸಿದವರು ಯಾರೆಂದು. ಬೆರಳನ್ನು ನೋಡಿದೆ. ಬೆರಳೂ ನನ್ನನ್ನು ನೋಡಿತು. ಇಲ್ಲ, ದೊಡ್ಡಳಿಯನಿಗೆ ಇದು ಶೋಭೆಯಲ್ಲ ಎಂದು ಇನ್ನಷ್ಟು ಒತ್ತಿ ಹಿಡಿದೆ.

ಅದೇ ಕ್ಷಣಕ್ಕೆ ಮಶೀನು ನಿಂತಿತು.

"ಅಣ್ಣಾರ! ಬಿಟ್ರೇನು?" ರೇವಣಪ್ಪ ಮೇಲಿಂದ ಕೂಗಿದ.

"ಇಲ್ಲಪ್ಪಾ! ಹಿಡಕೊಂಡೇ ಕುಂತೀನಿ!"

ಬಾಗಿಲಿಗೆ ಸಂಗಪ್ಪ ಬಂದ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. "ಮಾಮಾ, ಜರಾ ಒತ್ತಿ ಹಿಡೀರಿ" ಎಂದು ಬಹಳ ಮೆತ್ತಗೆ, ಹಾಯುವ ಎತ್ತನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದ. ಅವನ ಹಿಂದಿನಿಂದ ಕಸ್ತೂರಿ ಇಣುಕಿದಳು.

"ರೀ, ಸಾಕ್ರಿ ಇನ್ನ. ಪಾಪ, ಅವರು ನಿಚ್ಚಣಿಕಿ ಮ್ಯಾಗ ನಿಂತಾರ."

"ನಾ ಏನ್ ಮಾಡ್ದೆ?"

"ನಾ ಏನರೆ ಅಂದ್ನೇನು? ಹಚ್ರಿ ಅಂದೆ."

ನನ್ನ ಜನ್ಮದಲ್ಲಿ ಇಷ್ಟು ನಿರಪರಾಧಿಯಾಗಿ ನಾನು ಎಂದೂ ಇರಲಿಲ್ಲ. ಸಾಕ್ಷಿಗಾಗಿ ಸುತ್ತ ನೋಡಿದೆ. ಮಾಡಿನಿಂದ ತೂಗುಬಿದ್ದ ಬಲ್ಬಿನ ಗುಂಡಿ ಒತ್ತಿದೆ, ಹತ್ತಲಿಲ್ಲ. ಕಿವಿಗೊಟ್ಟು ಕೇಳಿದೆ. "ಗಿರಣಿ! ಗಿರಣಿ ನಿಂತದ ಕೇಳ್ರಿ! ಊರಿಗೂರೇ ಕರೆಂಟ್ ಹೋಗ್ಯದ!" ಎಂದು ಪ್ಲಗ್ಗನ್ನು ಹಿಡಿದುಕೊಂಡೇ ಕೂಗಿದೆ.

ಅಂಗಳದವರೆಲ್ಲ ಗಿರಣಿಯ ಓಣಿಯ ಕಡೆ ತಿರುಗಿದರು. ಹೌದು, ಗಿರಣಿಯ ಸದ್ದಿಲ್ಲ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು:

"ಏನ್ ಹೊಟ್ಟಿಕಿಚ್ಚವ್ವಾ ನಮ್ಮ ದೊಡ್ಡಳಿಯಾರ್ದು! ಊರ ಕರೆಂಟೇ ಹೋಯ್ತು!"

ನಗು ಕಟ್ಟೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಓಣಿಗೆ ಹೋಯಿತು. ಆ ಮುದುಕಿಯಂತೂ ಕೂತು ನಕ್ಕಳು. ನಾನು ಹೊರಗೆ ಬಂದೆ. ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ಅಚ್ಚುಕಟ್ಟಾಗಿ ಸುತ್ತಿ ಒಳಗಿಟ್ಟುಕೊಂಡಿದ್ದೆ ಎಂದುಕೊಂಡ ವಸ್ತು ಊರಿನ ಆಸ್ತಿಯಾಗಿತ್ತು.

"ನಿಮಗೆಲ್ಲಾ ಯಾವಾಗಿಂದ ಗೊತ್ತು?" ಎಂದು ಕಸ್ತೂರಿಯನ್ನು ಕೇಳಿದೆ.

"ಶಕ್ಕೂನ ಲಗ್ನದಾಗಿಂದ. ಅವರ ರುಮಾಲ ನಿಮ್ಮದಕ್ಕಿಂತ ಉದ್ದ ಬಂತಂತ ನೀವು ಎರಡ್ನೇ ಹೋಳಿಗಿ ಒಲ್ಲೆ ಅಂದಿದ್ದಿಲ್ಲೇನು?"

ರೇವಣಪ್ಪ ನಿಚ್ಚಣಿಕೆ ಇಳಿದು ಬಂದು ನನ್ನ ವಾಯರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮುಟ್ಟಿ ನೋಡಿದ. ಅದು ತಣ್ಣಗಿತ್ತು. ತನ್ನ ಕಿತ್ತಳೆ ಗಾಲಿಯನ್ನು ಮುಟ್ಟಿ ಕೈ ಹಿಂದೆಗೆದ. "ಖರೆ ಹೇಳ್ತೀನಿ, ಅಣ್ಣಾರ. ಇದನ್ನ ನೋಡ್ದಾಗಿಂದ ನನಗ ಸಮಾಧಾನಿಲ್ಲ. ಎಲ್ಲಿ ತಗೊಂಡ್ರಿ?"

ಈ ಒಂದು ಪ್ರಶ್ನೆಗಾಗಿ ನಾನು ಅಂಗಳ ಅಳೆದಿದ್ದೆ, ಸಣ್ಣಕ್ಷರ ಓದಿದ್ದೆ, ಜೋಳದ ಚೀಲದ ಮೇಲೆ ಕೂತಿದ್ದೆ. "ಹುಮನಾಬಾದಿನಾಗ" ಎಂದೆ. ಯಾವ ಅಂಗಡಿ ಎಂದು ಹೇಳಲಿಲ್ಲ. ಹುಮನಾಬಾದು ದೊಡ್ಡ ಊರು, ಹುಡುಕಿಕೊಳ್ಳಲಿ.

ಕರೆಂಟು ಬರುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿದೆವು. ವಿಚಿತ್ರವೆಂದರೆ ನನಗೆ ಹಗುರವೆನಿಸುತ್ತಿತ್ತು. ಸುತ್ತಿಟ್ಟದ್ದು ಒಳಗೊಳಗೇ ಕಾಯುತ್ತದೆ ಎಂದು ಮಹಬೂಬ ಹೇಳಿದ್ದು ವಾಯರಿನ ಬಗ್ಗೆ. ಅವನಿಗೆ ಬೇರೆ ಅರ್ಥವೇನೂ ಇರಲಿಲ್ಲ, ಗಿರಾಕಿಗಳು ನಿಂತಿದ್ದರು. ಆದರೂ ಅಂದು ಅಂಗಳದ ತುಂಬ ಬಿಚ್ಚಿ ಹಾಸಿದ್ದ ನನ್ನ ಹೊಟ್ಟೆಕಿಚ್ಚನ್ನು ಮಂದಿ ದಾಟಿಕೊಂಡು, ನಗುತ್ತ ಓಡಾಡುತ್ತಿದ್ದಾಗ ಅದು ಮುಟ್ಟಿದರೂ ಸುಡದಷ್ಟು ತಣ್ಣಗಾಗಿತ್ತು. ಹೋಗಿತ್ತು ಎನ್ನಲಾರೆ. ತಣ್ಣಗಾಗಿತ್ತು.

ಕರೆಂಟು ಬಂತು, ತೂತು ಮುಗಿಯಿತು, ಕೊಂಡಿ ಬಿಗಿಯಿತು, ಸಂಗಪ್ಪ ಹಗ್ಗ ಹಾಕಿ ಹಲಗೆ ಕೂರಿಸಿದ. ಮರುದಿನ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಎಲ್ಲರೂ ಅತ್ತೆಯ ಮುಖ ನೋಡಿದರು. ನಾನು ಜೋಕಾಲಿ ನೋಡದವನಂತೆ ಆಕಾಶ ನೋಡಿದೆ. ರೇವಣಪ್ಪನೂ ಅದೇ ಆಕಾಶವನ್ನು ನೋಡುತ್ತಿದ್ದ.

"ತೂತು ಅವರದು, ಕರೆಂಟ್ ಇವರದು" ಎಂದಳು ಅತ್ತೆ. "ಇಬ್ಬರೂ ಕೂಡ್ರಿ. ಇವರಿಬ್ಬರ್ನ ತಡಕೊಂಡ್ರ ಮುಂದ ಯಾರರೆ ಕೂಡಬಹುದು."

ಕೂತೆವು. ಇಬ್ಬರ ಕೈಗೂ ಒಂದೊಂದು ಶೇಂಗಾದ ಉಂಡಿ ಬಂತು. ಸಂಗಪ್ಪ ಹಿಂದಿನಿಂದ ನೂಕಿದ. ಕೊಂಡಿ ಒಮ್ಮೆ ಕಿರ್ ಎಂದು ಸುಮ್ಮನಾಯಿತು, ಹೆಂಗಸರು ಹಾಡೆತ್ತಿದರು. ಪಡಸಾಲೆಯಿಂದ ಹೊರಕ್ಕೆ, ಬೇವಿನ ಮರವಿದ್ದ ಬಯಲಿನವರೆಗೆ ಜೀಕುತ್ತ ನಾವಿಬ್ಬರೂ ಕಾಲು ಮಡಚಿ, ಹೆಗಲಿಗೆ ಹೆಗಲು ತಾಗಿಸಿ ನಗುತ್ತಿದ್ದೆವು. ಹಲಗೆಯಲ್ಲಿ ಅವನ ಕಡೆ ನಾಲ್ಕು ಬೆರಳು ಜಾಗ ಹೆಚ್ಚಿತ್ತು. ಟೇಪು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಬಟ್ಟೆಯವನಿಗೆ ಕಣ್ಣಳತೆ ಸಾಕು.